ಗಾಳಿದಿಂಬಿನ ಯಂತ್ರವೂ ಪೇಟೆಂಟಿನ ಖಟ್ಲೆಯೂ

ಕೊಲ್ಲಾಪುರದ ಬೆಲ್ಲ, ಇಚಲಕರಂಜಿಯ ಬಟ್ಟೆ, ಗಡಹಿಂಗ್ಲಜದ ಮೆಣಸಿನಕಾಯಿ ಈಗ ಪಾರ್ಸಲಿನಲ್ಲಿ ದೂರದ ಊರುಗಳಿಗೆ ಹೋಗುತ್ತವೆ. ಬೆಲ್ಲದ ಪೆಂಟೆ ಮುಕ್ಕಾಗದಂತೆ, ಉಪ್ಪಿನಕಾಯಿಯ ಭರಣಿ ಒಡೆಯದಂತೆ ಪೆಟ್ಟಿಗೆಯ ಸಂದಿಯಲ್ಲಿ ಹಿಂದೆ ಹುಲ್ಲು ತುರುಕುತ್ತಿದ್ದೆವು. ಈಗ ಗಾಳಿದಿಂಬು ಇಡುತ್ತೇವೆ. ಅದನ್ನು ಮಾಡುವ ಯಂತ್ರದ ಕೆಲಸ ಸರಳ. ಎರಡು ಪದರಿನ ಪ್ಲಾಸ್ಟಿಕ್ ಹಾಳೆಯೊಳಗೆ ಗಾಳಿ ಊದುತ್ತದೆ. ಕಾಯಿಸಿದ ಪಟ್ಟಿಯಿಂದ ಬಾಯಿ ಬೆಸೆಯುತ್ತದೆ.

ಇಂಥ ಯಂತ್ರದ ಸಲುವಾಗಿ ಅಮೇರಿಕೆಯಲ್ಲಿ ಪ್ರೆಗಿಸ್ ಮತ್ತು ಫ್ರೀ-ಫ್ಲೋ ಎಂಬ ಕಂಪನಿಗಳು ಕೋರ್ಟು ಹತ್ತಿದವು. ಎದುರಾಳಿಗೆ ಪೇಟೆಂಟ್ ಕೊಟ್ಟದ್ದೇ ತಪ್ಪೆಂದು ಪ್ರೆಗಿಸ್ ಪೇಟೆಂಟ್ ಕಚೇರಿಯನ್ನೂ ಖಟ್ಲೆಗೆ ಎಳೆಯಿತು. ಕಚೇರಿಯ ಮೇಲೆ ಹಾಗೆ ದಾವೆ ನಡೆಯದೆಂದು 2012ರಲ್ಲಿ ಮೇಲಿನ ಕೋರ್ಟು ತೀರ್ಪು ಕೊಟ್ಟಿತು.

ದೂರದ ದೇಶದ ಈ ಜಗಳದಿಂದ ನಮಗೇನು ಎಂದು ಕೇಳಬಹುದು. ಅಮೇರಿಕೆಯ ಪೇಟೆಂಟ್ ಗಡಹಿಂಗ್ಲಜದಲ್ಲಿ ನಡೆಯದು, ನಿಜ. ಆದರೆ ಅದೇ ಯುಕ್ತಿಗೆ ಭಾರತದಲ್ಲಿಯೂ ಪೇಟೆಂಟ್ ಪಡೆದಿದ್ದರೆ ನಡೆಯುತ್ತದೆ. ಆಗ ಯಂತ್ರ ನಕಲು ಮಾಡಿದವನಷ್ಟೇ ಅಲ್ಲ, ಅದನ್ನು ಕೊಂಡು ನಡೆಸುವ ಒಕ್ಕಲಿಗನೂ ಹೊಣೆಯಾಗುತ್ತಾನೆ. ಆದುದರಿಂದ 1970ರ ನಮ್ಮ ಪೇಟೆಂಟ್ ಕಾಯಿದೆಯ ಕೆಲವು ಮಾತುಗಳನ್ನು ಅರಿತಿರಬೇಕು.

ಪೇಟೆಂಟಿನ ಆಯುಷ್ಯ ಅರ್ಜಿಯ ದಿನದಿಂದ 20 ವರ್ಷ. ನಡುವೆ ನವೀಕರಣದ ಶುಲ್ಕ ತುಂಬದಿದ್ದರೆ ಅದು ಅಳಿಯುತ್ತದೆ. ಬಿತ್ತುವ, ಬೆಳೆಯುವ ರೀತಿಗೆ ಪೇಟೆಂಟ್ ಇಲ್ಲ, ಯಂತ್ರಕ್ಕೆ ಉಂಟು. ಯಂತ್ರದ ಮೇಲೆ ಬರಿಯ 'ಪೇಟೆಂಟ್' ಎಂದು ಬರೆದಿದ್ದು ನಂಬರು ಇಲ್ಲದಿದ್ದರೆ, ಆ ಬರಹವೊಂದರಿಂದಲೇ ನಿಮಗೆ ವಿಷಯ ತಿಳಿದಿತ್ತೆಂದು ಹಿಡಿಯಲಾಗದು. ನಿಜವಾಗಿ ತಿಳಿದಿರಲಿಲ್ಲ, ತಿಳಿಯಲು ಕಾರಣವೂ ಇರಲಿಲ್ಲ ಎಂದು ತೋರಿಸಿದರೆ ನಷ್ಟಪರಿಹಾರ ತಪ್ಪುತ್ತದೆ. ಆದರೂ ಯಂತ್ರ ನಿಲ್ಲಿಸೆಂದು ಕೋರ್ಟು ಹೇಳಬಹುದು. ಇನ್ನು, ಆಧಾರವಿಲ್ಲದೆ ಖಟ್ಲೆಯ ಬೆದರಿಕೆ ಹಾಕಿದವನ ಮೇಲೆ ನಾವೇ ದಾವೆ ಹೂಡಬಹುದು.

ಪೇಟೆಂಟ್ ದೊರೆತ ಮಾತ್ರಕ್ಕೆ ಅದು ಗಟ್ಟಿಯೆಂದು ತಿಳಿಯಬಾರದು. ಮಿರ್ಜಾಪುರದ ಪಾತ್ರೆ ಕಾರಖಾನೆಯೊಂದು ಲೇಥಿನ ಮೇಲೆ ಪಾತ್ರೆ ಹಿಡಿದಿಡುವ ಸಾಧನಕ್ಕೆ 1951ರ ಪೇಟೆಂಟ್ ಹೊಂದಿತ್ತು. ಬಿಶ್ವನಾಥ ಪ್ರಸಾದ ರಾಧೇಶ್ಯಾಮ ಎಂಬ ಸಂಸ್ಥೆಯ ಮೇಲೆ ಖಟ್ಲೆ ಹಾಕಿತು. 1978ರಲ್ಲಿ ಸುಪ್ರೀಂ ಕೋರ್ಟು ಆ ಪೇಟೆಂಟನ್ನೇ ರದ್ದುಗೊಳಿಸಿತು. ಕುಶಲ ಕೆಲಸಗಾರನಿಗೆ ಸಹಜವಾಗಿ ಹೊಳೆಯುವ ಸಣ್ಣ ಸುಧಾರಣೆ ಹೊಸ ಶೋಧವಾಗದು ಎಂಬುದು ಅದರ ಸಾರ.

ಇದು ನಮ್ಮ ಕಮ್ಮಾರರಿಗೂ ಲೇಥಿನವರಿಗೂ ಆಸರೆಯ ಮಾತು. ಅವರು ಮೊದಲಿನಿಂದ ಬಹಿರಂಗವಾಗಿ ಮಾಡಿ ಮಾರುತ್ತ ಬಂದ ಸಾಧನಕ್ಕೆ ಬೇರೊಬ್ಬನು ಪೇಟೆಂಟ್ ಬೇಡಿದರೆ, ಅರ್ಜಿ ಪ್ರಕಟವಾದ ಮೇಲೆ, ಮಂಜೂರಾಗುವ ಮೊದಲು, ಯಾರಾದರೂ ಲಿಖಿತ ತಕರಾರು ಕೊಡಬಹುದು. ಆದರೆ ಸಾಕ್ಷಿ ಬೇಕು. ತಾರೀಖು ಇರುವ ಬಿಲ್ಲು, ಚಿತ್ರ, ನಕ್ಷೆಗಳನ್ನು ಜೋಪಾನವಾಗಿ ಇಡಿರಿ.

ಯಂತ್ರ ಕೊಳ್ಳುವವರು ಪಕ್ಕಾ ಬಿಲ್ಲು ಪಡೆಯಿರಿ. ಪೇಟೆಂಟಿನ ತಂಟೆ ಬಂದರೆ ಹೊಣೆ ತನ್ನದೆಂದು ಮಾರುವವನಿಂದ ಬರೆಸಿಕೊಳ್ಳಿರಿ. ನೋಟೀಸು ಬಂದರೆ ಹೆದರಿ ಹಣ ಕಟ್ಟಬೇಡಿರಿ, ಹರಿದೂ ಒಗೆಯಬೇಡಿರಿ. ಅದರಲ್ಲಿಯ ನಂಬರನ್ನು ಪೇಟೆಂಟ್ ಕಚೇರಿಯ ದಾಖಲೆಯಲ್ಲಿ ನೋಡಿಸಿ, ಅದು ಇನ್ನೂ ಜೀವಂತವಿದೆಯೇ ಎಂದು ತಿಳಿದು, ಬಳಿಕ ವಕೀಲರಲ್ಲಿಗೆ ಹೋಗುವುದು ಲೇಸು.