ಡಿಶ್‌ಗೂ ಬೇಕು ಅರ್ಥಿಂಗ್: ಭರಣಿ ಮಳೆಗೆ ಮುಂಚೆ ಮುಗಿಸಿ

ಅಶ್ವಿನಿ, ಭರಣಿ ಮಳೆ ಶುರುವಾಯ್ತು ಅಂದ್ರೆ ತೀರ್ಥಹಳ್ಳಿ, ಹೊಸನಗರ, ಸಾಗರದ ರಿಪೇರಿ ಅಂಗಡಿಗಳಿಗೆ ಸುಟ್ಟ ಸೆಟ್‌ಟಾಪ್ ಬಾಕ್ಸ್‌ಗಳು ಬರೋಕೆ ಶುರು. ಆಗುಂಬೆ ಕಡೆಯ ಜುಲೈ ಜಡಿಮಳೆ ಎಷ್ಟೇ ಸುರಿಯಲಿ, ಅದರಲ್ಲಿ ಗುಡುಗು ಕಡಿಮೆ. ಸಿಡಿಲಿನ ಕಾಟ ಇರೋದು ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ. ಆಮೇಲೆ ಮತ್ತೆ ಅಕ್ಟೋಬರಿನ ಚಿತ್ತಾ, ಸ್ವಾತಿ ಮಳೆಯಲ್ಲಿ.

ಕೃಷಿ ಸೈಟಿನಲ್ಲಿ ಡಿಶ್ ವಿಷಯ ಯಾಕೆ ಅಂತೀರಾ? ನಮ್ಮದೆಲ್ಲ ತೋಟದ ನಡುವಿನ ಒಂಟಿಮನೆಗಳು. ಹಂಚಿನ ಮಾಡಿನ ಮೇಲೆ ಅತಿ ಎತ್ತರದಲ್ಲಿರೋ ಕಬ್ಬಿಣ ಅಂದ್ರೆ ಹೆಚ್ಚಾಗಿ ಡಿಶ್ ಕೂರಿಸಿದ ಪೈಪೇ. ಅದರಿಂದ ಇಳಿಯೋ ಕೇಬಲ್ ನೇರ ಅಜ್ಜ, ಅಜ್ಜಿ ಕೂತು ಟಿವಿ ನೋಡೋ ಜಗಲಿಗೆ ಬರುತ್ತೆ. ಅದೇ ಬೋರ್ಡಿನಲ್ಲಿ ನಿಮ್ಮ ಫೋನು ಚಾರ್ಜಿಗೆ ಇರುತ್ತೆ. ಡಿಶ್ ಹಾಕೋಕೆ ಬಂದ ಹುಡುಗರು ಸಿಗ್ನಲ್ ಹಿಡಿದು ಹೊರಡ್ತಾರೆ, ಅರ್ಥಿಂಗ್ ಅವರ ಕೆಲಸದ ಪಟ್ಟಿಯಲ್ಲೇ ಇರಲ್ಲ.

ಮೊದಲು ಒಂದು ಪ್ರಶ್ನೆ: ಡಿಶ್ ಅಷ್ಟು ಎತ್ತರದಲ್ಲಿ ಇರಲೇಬೇಕಾ? ಡಿಡಿ ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವದಲ್ಲಿರೋ ಜಿಸ್ಯಾಟ್-15 ಉಪಗ್ರಹದಿಂದ. ತೀರ್ಥಹಳ್ಳಿಯಿಂದ ನೋಡಿದ್ರೆ ಅದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 63 ಡಿಗ್ರಿ ಮೇಲೆ ಇದೆ. ಅಂದ್ರೆ ಸಾಕಷ್ಟು ನೆತ್ತಿಯ ಕಡೆಗೇ. ಅಡಿಕೆ ಮರದ ತಲೆ ಡಿಶ್‌ಗಿಂತ 12 ಮೀಟರ್ ಎತ್ತರದಲ್ಲಿದ್ದರೂ, ಮರ 7 ಮೀಟರ್ ದೂರ ಇದ್ದರೆ ಅಡ್ಡ ಬರಲ್ಲ. (ಡಿಶ್ ನೋಡೋಕೆ ನೆಟ್ಟಗೆ ನಿಂತ ಹಾಗೆ ಕಾಣುತ್ತೆ, ಅದರ ತಟ್ಟೆಯ ಆಕಾರವೇ ಹಾಗೆ, ಮೋಸ ಹೋಗಬೇಡಿ.) ಹಾಗಾಗಿ ಆಗ್ನೇಯಕ್ಕೆ ಅಂಗಳ ಬಯಲಾಗಿದ್ದರೆ ಡಿಶ್ಶನ್ನು ಗೋಡೆಗೇ ಕೂರಿಸಬಹುದು. ಐಇಸಿ 60728-11 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಡಿಶ್ ಮಾಡಿನ ಅಂಚಿಗಿಂತ 2 ಮೀಟರ್ ಕೆಳಗೆ, ಗೋಡೆಯಿಂದ 1.5 ಮೀಟರ್ ಒಳಗೆ ಇದ್ದರೆ ಅದರ ಕಂಬಕ್ಕೆ ಬೇರೆ ಅರ್ಥಿಂಗ್ ಕಡ್ಡಾಯ ಅಲ್ಲ. ನನ್ನನ್ನು ಕೇಳಿದ್ರೆ ಎಲ್ಲಕ್ಕಿಂತ ಅಗ್ಗದ ರಕ್ಷಣೆ ಇದೇ. ಮಾಡಿನ ಮೇಲೆ ಹತ್ತಿ ಹಂಚು ಒಡೆಯೋದೂ ತಪ್ಪುತ್ತೆ.

ಗೋಡೆಗೆ ಆಗಲ್ಲ, ಮೇಲೇ ಇರಬೇಕು ಅಂದ್ರೆ ಅರ್ಥಿಂಗ್ ಬೇಕೇ ಬೇಕು. ನೇರವಾಗಿ ಡಿಶ್‌ಗೇ ಸಿಡಿಲು ಹೊಡೆದರೆ ಯಾವ ಅರ್ಥಿಂಗೂ ಟಿವಿ ಉಳಿಸಲ್ಲ. ಅದಕ್ಕೆ ಸಿಡಿಲು ರಕ್ಷಕವೇ ಬೇಕು, ಅದು ಬೇರೆ ಕೆಲಸ. ಆದರೆ ಹೆಚ್ಚಿನ ಹಾನಿ ಆಗೋದು ಪಕ್ಕದ ಮರಕ್ಕೋ, ಕರೆಂಟು ಕಂಬಕ್ಕೋ ಹೊಡೆದಾಗ ತಂತಿಗಳಲ್ಲಿ ನುಗ್ಗೋ ವೋಲ್ಟೇಜಿನಿಂದ. ಅದಕ್ಕೆ ಮನೆಯ ಹೊರಗೇ ದಾರಿ ಮಾಡಿ ಕೊಡೋದು ಅರ್ಥಿಂಗಿನ ಕೆಲಸ.

ಕೆಲಸ ಎರಡು ಜಾಗದಲ್ಲಿ. ಒಂದು, ಡಿಶ್ ಕಂಬ. ಕ್ಲಾಂಪ್ ಹಾಕೋ ಜಾಗದಲ್ಲಿ ಪೇಂಟು, ತುಕ್ಕು ಕೆರೆದು, ಅಲ್ಲಿಂದ ಭೂಮಿಗೆ ತಂತಿ ಇಳಿಸಬೇಕು. ಅದೇ ಐಇಸಿ ಮಾನದಂಡ 16 ಚದರ ಮಿ.ಮೀ. ತಾಮ್ರ ಕೇಳುತ್ತೆ. ತಾಮ್ರ ದುಬಾರಿ ಅನ್ನಿಸಿದ್ರೆ 25×3 ಮಿ.ಮೀ. ಜಿಐ ಪಟ್ಟಿ ಸಾಕು. ಆದಷ್ಟು ನೆಟ್ಟಗೆ ಇಳಿಸಿ. ಉಳಿದ ತಂತಿಯನ್ನು ಸುರುಳಿ ಸುತ್ತಿ ನೇತು ಹಾಕಬೇಡಿ, ಚೂಪಾದ ತಿರುವೂ ಬೇಡ. ಸಿಡಿಲಿನ ಕರೆಂಟು ಅಂಥ ಕಡೆ ತಂತಿ ಬಿಟ್ಟು ಪಕ್ಕಕ್ಕೆ ಹಾರುತ್ತೆ. ತಾಮ್ರವನ್ನು ಜಿಐ ಮೇಲೆ ನೇರ ಕಟ್ಟಿದರೆ ನಮ್ಮ ಮಳೆಗೆ ಆ ಕೀಲು ಬೇಗ ತಿಂದು ಹೋಗುತ್ತೆ, ಮಧ್ಯೆ ತವರ ಲೇಪದ ಲಗ್ ಇರಲಿ.

ಇನ್ನೊಂದು, ಕೇಬಲ್. ಡಿಶ್ ಕೇಬಲ್ಲಿನ ನಡುವಿನ ತಂತಿಯ ಸುತ್ತ ಒಂದು ಲೋಹದ ಜಾಲರಿ ಇರುತ್ತಲ್ಲ, ಅದು ಎಲ್‌ಎನ್‌ಬಿಯಿಂದ ಸೆಟ್‌ಟಾಪ್ ಬಾಕ್ಸಿನ ತನಕ ಕಡಿಯದೆ ಬರುತ್ತೆ. ಕಂಬಕ್ಕೆ ಮಾತ್ರ ಅರ್ಥಿಂಗ್ ಕೊಟ್ಟು ಇದನ್ನು ಬಿಟ್ಟರೆ ಅರ್ಧ ಕೆಲಸ. ಕೇಬಲ್ ಮನೆಯೊಳಗೆ ಹೋಗೋ ಮುಂಚೆ, ಗೋಡೆಯ ಹೊರಗೆ, 'ಗ್ರೌಂಡ್ ಬ್ಲಾಕ್' ಅನ್ನೋ ಚಿಕ್ಕ ಲೋಹದ ತುಂಡು ಹಾಕಬೇಕು. ಎರಡೂ ಬದಿಗೆ ಕೇಬಲ್ ಕನೆಕ್ಟರ್, ನಡುವೆ ಅರ್ಥ್ ತಂತಿ ಬಿಗಿಯೋಕೆ ಒಂದು ಸ್ಕ್ರೂ, ಅಷ್ಟೇ. ಊರಲ್ಲಿ ಸಿಗದಿದ್ದರೆ ಆನ್‌ಲೈನ್ ತರಿಸಿ. ಇದರಿಂದ ಅರ್ಥ್‌ಗೆ 4 ಚದರ ಮಿ.ಮೀ. ತಾಮ್ರದ ತಂತಿ ಸಾಕು.

ಈಗ ಎಲ್ಲರೂ ಎಡವೋ ಜಾಗ. ಡಿಶ್‌ಗೆ ಅಂತ ಅಂಗಳದ ಮೂಲೆಯಲ್ಲಿ ಒಂದು ರಾಡು ಬಡಿದು 'ಅರ್ಥಿಂಗ್ ಆಯ್ತು' ಅಂತಾರೆ. ಮನೆ ಕರೆಂಟಿನ ಅರ್ಥ್ ಇನ್ನೊಂದು ಮೂಲೆಯಲ್ಲಿ ಇರುತ್ತೆ. ಲೆಕ್ಕ ನೋಡಿ: ಸಾಮಾನ್ಯ ಸಿಡಿಲಿನಲ್ಲಿ 30,000 ಆಂಪಿಯರ್ ಆಸುಪಾಸು ಕರೆಂಟು. ಅರ್ಥ್ ರೆಸಿಸ್ಟೆನ್ಸ್ 10 ಓಮ್ ಅಂತ ಇಟ್ಟುಕೊಂಡರೂ ಆ ರಾಡು ಕ್ಷಣ ಮಾತ್ರಕ್ಕೆ 3 ಲಕ್ಷ ವೋಲ್ಟಿಗೆ ಏರುತ್ತೆ. ಅದರ ನೂರನೇ ಒಂದು ಪಾಲು ಬಂದರೂ 3,000 ವೋಲ್ಟ್. ಆ ಹೊತ್ತಿಗೆ ಮನೆಯ ಅರ್ಥ್ ಸೊನ್ನೆಯ ಹತ್ತಿರ ಇದ್ದರೆ, ಈ ವ್ಯತ್ಯಾಸ ಹರಿಯೋಕೆ ಇರೋ ಸಲೀಸಾದ ದಾರಿ ನಿಮ್ಮ ಸೆಟ್‌ಟಾಪ್ ಬಾಕ್ಸು, ಟಿವಿ. ಆದ್ದರಿಂದ ಡಿಶ್ ಅರ್ಥನ್ನೂ ಮನೆ ಅರ್ಥನ್ನೂ ದಪ್ಪ ತಂತಿಯಲ್ಲಿ ಒಂದಕ್ಕೊಂದು ಜೋಡಿಸಲೇಬೇಕು. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಮಧ್ಯದಲ್ಲಿರೋ ಬಾಕ್ಸಿಗೆ ಪೆಟ್ಟು ಬಹಳ ಕಡಿಮೆ.

ಇದಕ್ಕೆ ಪೂರ್ತಿ ಉಲ್ಟಾ ಐಬೆಕ್ಸ್ ಬೇಲಿ. ಹಂದಿ, ಕಾಡುಕೋಣಕ್ಕೆ ಅಂತ ಸೋಲಾರ್ ಬೇಲಿ ಹಾಕಿರೋರು ಅದರ ಅರ್ಥನ್ನು ಮನೆ ಅರ್ಥಿಗೆ ಕಟ್ಟಲೇಬಾರದು. ಎರಡರ ನಡುವೆ ಕನಿಷ್ಠ 10 ಮೀಟರ್ ಅಂತರ ಇರಬೇಕು ಅಂತ ನಿಯಮವೇ ಇದೆ. ಇಲ್ಲದಿದ್ದರೆ ಬೇಲಿಯ ಪಲ್ಸ್ ಮನೆಯೊಳಗಿನ ಸ್ಟೀಲ್ ನಲ್ಲಿಯಲ್ಲಿ ಜುಮ್ ಅನ್ನಿಸಬಹುದು.

ಇನ್ನು ಗುಂಡಿ. ನಮ್ಮ ಜಂಬಿಟ್ಟಿಗೆ ನೆಲದ ತೊಂದರೆ ಏನಂದ್ರೆ, ಸಿಡಿಲು ಹೆಚ್ಚಿರೋ ಏಪ್ರಿಲ್‌ನಲ್ಲೇ ಅದು ಒಣಗಿ ಕಲ್ಲಾಗಿರುತ್ತೆ. ಜುಲೈನಲ್ಲಿ ಅಳೆದರೆ ಯಾವ ಅರ್ಥಿಂಗೂ ಚೆನ್ನಾಗೇ ಕಾಣುತ್ತೆ, ಅದನ್ನು ನಂಬಬೇಡಿ. ಐಎಸ್ 3043 ಪ್ರಕಾರ ಜಿಐ ಪೈಪಾದರೆ ಒಳವ್ಯಾಸ 38 ಮಿ.ಮೀ.ಗಿಂತ ಕಮ್ಮಿ ಇರಬಾರದು. ಉದ್ದ 2.5 ಮೀಟರ್, ಗೋಡೆಯಿಂದ 1.5 ಮೀಟರ್ ಆಚೆ. ಇದ್ದಿಲು, ಉಪ್ಪು ತುಂಬೋದು ಹಳೇ ಪದ್ಧತಿ. ನನಗೆ ಉಪ್ಪು ಇಷ್ಟ ಇಲ್ಲ. ಅದು ಪೈಪನ್ನು ತಿನ್ನುತ್ತೆ, ಹತ್ತಿರದ ಗಿಡದ ಬೇರಿಗೂ ಒಳ್ಳೆಯದಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮಳೆಗಾಲಕ್ಕೆ ಕರಗಿ ಹರಿದು ಹೋಗಿ ಮುಂದಿನ ಬೇಸಿಗೆಗೆ ಏನೂ ಉಳಿದಿರಲ್ಲ. ಬೆಂಟೊನೈಟ್ ಮಣ್ಣು ತುಂಬಿ, ಅದು ನೀರು ಹಿಡಿದಿಟ್ಟುಕೊಳ್ಳುತ್ತೆ. ಜಾಗ ಅಂದ್ರೆ ಬಚ್ಚಲ ನೀರು ಹೋಗೋ ಬಾಳೆಬುಡದ ಹತ್ತಿರ, ಬೇಸಿಗೆಯಲ್ಲೂ ಅಲ್ಲಿ ತೇವ ಆರಲ್ಲ. ಆದರೆ ಕೊಟ್ಟಿಗೆಯ ಪಕ್ಕ ಮಾತ್ರ ಬೇಡ. ಸಿಡಿಲಿನ ಕರೆಂಟು ನೆಲದಲ್ಲಿ ಹರಡುವಾಗ ದನದ ಮುಂಗಾಲಿಗೂ ಹಿಂಗಾಲಿಗೂ ಇರೋ ದೂರವೇ ಅದರ ಜೀವ ತೆಗೆಯೋಕೆ ಸಾಕು.

ಅರ್ಥ್ ಚೆನ್ನಾಗಿದೆಯಾ ಅಂತ ನೋಡೋಕೆ ಕೆಲವರು ಫೇಸಿನಿಂದ ಅರ್ಥ್‌ಗೆ ಬಲ್ಬ್ ಹಚ್ಚಿ ತೋರಿಸ್ತಾರೆ. ಅಪಾಯ ಬೇರೆ, ಉಪಯೋಗವೂ ಇಲ್ಲ. 100 ವಾಟ್ ಬಲ್ಬಿನದ್ದೇ 529 ಓಮ್ ರೆಸಿಸ್ಟೆನ್ಸ್. ಅರ್ಥ್ 50 ಓಮ್ ಇದ್ದು ಸಿಡಿಲಿಗೆ ಕೆಲಸಕ್ಕೆ ಬಾರದಿದ್ದರೂ ಬಲ್ಬಿಗೆ 210 ವೋಲ್ಟ್ ಸಿಕ್ಕು ಚೆನ್ನಾಗೇ ಉರಿಯುತ್ತೆ. ಅರ್ಥ್ ಟೆಸ್ಟರ್ ಇರೋ ಎಲೆಕ್ಟ್ರಿಷಿಯನ್ ಕರೆಸಿ, ಬೇಸಿಗೆಯಲ್ಲೇ ಅಳೆಸಿ. 10 ಓಮ್‌ಗಿಂತ ಕೆಳಗೆ ಬರಬೇಕು. ಬರದಿದ್ದರೆ ಸ್ವಲ್ಪ ದೂರದಲ್ಲಿ ಇನ್ನೊಂದು ಪೈಪ್ ಹಾಕಿ ಜೋಡಿಸಿ. ಮೀಟರಿನ ಆಚೆಗಿನ ಅರ್ಥಿಂಗ್ ನೋಡಿಕೊಳ್ಳೋದು ನಮ್ಮದೇ ಕೆಲಸ, ಮೆಸ್ಕಾಂ ಮಾಡುತ್ತೆ ಅಂತ ಕಾಯಬೇಡಿ.

ಇಷ್ಟೆಲ್ಲ ಮಾಡಿದ್ರೂ ಗುಡುಗು ಶುರುವಾದಾಗ ಪ್ಲಗ್ ತೆಗೆಯಲೇಬೇಕು. ಬರೀ ಕರೆಂಟ್ ಪ್ಲಗ್ ತೆಗೆದು ಡಿಶ್ ಕೇಬಲ್ ಬಿಟ್ಟರೆ ಒಂದು ಬಾಗಿಲು ಹಾಕಿ ಇನ್ನೊಂದು ತೆರೆದ ಹಾಗೆ. ಎರಡೂ ತೆಗೆಯಿರಿ, ಗುಡುಗು ಹತ್ತಿರ ಬರೋ ಮುಂಚೆಯೇ. ಮಿಂಚು ತಲೆ ಮೇಲೆ ಬಂದ ಮೇಲೆ ಕೇಬಲ್ ಮುಟ್ಟಲೇಬೇಡಿ, ಟಿವಿ ಹೋದರೆ ಹೋಗಲಿ. ಫೈಬರ್ ಇಂಟರ್ನೆಟ್ ಇದ್ದವರು ಗಮನಿಸಿ: ಗಾಜಿನ ಎಳೆಯಲ್ಲಿ ಕರೆಂಟು ಬರಲ್ಲ ನಿಜ, ಆದರೆ ಎಷ್ಟೋ ಕೇಬಲ್‌ಗಳಲ್ಲಿ ಅದನ್ನು ಹೊರೋಕೆ ಒಂದು ಸ್ಟೀಲ್ ತಂತಿ ಇರುತ್ತೆ. ಫೋನಿನಲ್ಲಿ ಪುಣೆಯ ಐಐಟಿಎಂನವರ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ, 20 ಮತ್ತು 40 ಕಿ.ಮೀ. ಒಳಗೆ ಸಿಡಿಲು ಬೀಳ್ತಿದ್ದರೆ ತೋರಿಸುತ್ತೆ. ನೀವು ತೋಟದಲ್ಲಿದ್ದಾಗ ಎಚ್ಚರಿಕೆ ಬಂದರೆ ಮನೆಗೆ ಒಂದು ಫೋನು ಮಾಡಿ, 'ಅಮ್ಮಾ, ಟಿವಿದು ಎರಡೂ ವಯರು ತೆಗಿ' ಅಂತ. ನೀವೂ ಮರದ ಬುಡ ಬಿಟ್ಟು, ಕೈಯಲ್ಲಿ ದೋಟಿ ಇದ್ದರೆ ಅಲ್ಲೇ ಕೆಳಗಿಟ್ಟು, ಮನೆ ಸೇರಿಕೊಳ್ಳಿ.