ಇಲ್ಲದ ಊರಿಗೆ ನಿಲ್ದಾಣ, ಬರೆಯದ ಪುಸ್ತಕಕ್ಕೆ ಗಿರಾಕಿ

ಮಾಲ್ಗುಡಿ ಯಾವ ಜಿಲ್ಲೆಯಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ. ಅದು 1930ರಲ್ಲಿ ಆರ್.ಕೆ. ನಾರಾಯಣ್ ಕಲ್ಪಿಸಿಕೊಂಡ ಊರು. ತಮ್ಮ ಕಣ್ಮುಂದೆ ಮೊದಲು ಮೂಡಿದ್ದು ಒಂದು ಚಿಕ್ಕ ರೈಲು ನಿಲ್ದಾಣ ಎಂದು ಅವರೇ ಹೇಳಿಕೊಂಡಿದ್ದಾರೆ. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ ಹೊರಬಂದ ಮೇಲೆ ಓದುಗರು ಆ ಊರನ್ನು ನಿಜವೆಂಬಷ್ಟು ಹಚ್ಚಿಕೊಂಡರು.

1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದಾಗ ಆಗುಂಬೆ ಮಾಲ್ಗುಡಿಯಾಯಿತು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಮಾಲ್ಗುಡಿಯ ನಿಲ್ದಾಣವಾಯಿತು. ನಮ್ಮ ಶೇಡಬಾಳ, ಉಗಾರಗಳ ಹಾಗೆ ಅದೂ ಸಣ್ಣ ನಿಲ್ದಾಣ. 2020ರಲ್ಲಿ ಅಲ್ಲಿನ ಹಳೆಯ ಕಟ್ಟಡ ‘ಮಾಲ್ಗುಡಿ ಮ್ಯೂಸಿಯಂ’ ಆಗಿ ತೆರೆಯಿತು. ಕಾಗದದ ಮೇಲಿದ್ದ ನಿಲ್ದಾಣಕ್ಕೆ ಕಲ್ಲು, ಹೆಂಚು ಸಿಗಲು ತೊಂಬತ್ತು ವರ್ಷ ಹಿಡಿಯಿತು.

ಕೇಳಿ ಕೇಳಿ ಹುಟ್ಟಿದ ಪುಸ್ತಕ

ಇದಕ್ಕಿಂತ ವಿಚಿತ್ರವಾದದ್ದು 1956ರಲ್ಲಿ ಅಮೆರಿಕದಲ್ಲಿ ನಡೆಯಿತು. ನ್ಯೂಯಾರ್ಕಿನಲ್ಲಿ ಜೀನ್ ಶೆಫರ್ಡ್ ಎಂಬಾತ ರಾತ್ರಿ ಹೊತ್ತು ರೇಡಿಯೋ ಕಾರ್ಯಕ್ರಮ ನಡೆಸುತ್ತಿದ್ದ. ‘ಅತಿ ಹೆಚ್ಚು ಮಾರಾಟವಾದ ಪುಸ್ತಕಗಳು’ ಎಂಬ ಪಟ್ಟಿಗಳ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಮಾರಾಟದ ಜೊತೆಗೆ, ಅಂಗಡಿಗೆ ಬಂದವರು ಕೇಳಿದ ಹೆಸರುಗಳೂ ಪಟ್ಟಿ ಸೇರುತ್ತವೆ ಎಂಬುದು ಅವನ ದೂರು. ಅದನ್ನು ತೋರಿಸಲು ಒಂದು ಉಪಾಯ ಹೂಡಿದ. ಎಲ್ಲೂ ಇಲ್ಲದ ಪುಸ್ತಕವೊಂದನ್ನು ನಾಳೆ ಹೋಗಿ ಅಂಗಡಿಗಳಲ್ಲಿ ಕೇಳಿ ಎಂದು ಕೇಳುಗರಿಗೆ ಹೇಳಿದ. ಎಲ್ಲರೂ ಸೇರಿ ‘ಐ, ಲಿಬರ್ಟೀನ್’ ಎಂಬ ಹೆಸರನ್ನೂ ಫ್ರೆಡರಿಕ್ ಯೂಯಿಂಗ್ ಎಂಬ ಇಲ್ಲದ ಲೇಖಕನನ್ನೂ ಸೃಷ್ಟಿಸಿದರು.

ಒಬ್ಬ ಕೇಳಿದಾಗ ಅಂಗಡಿಯವನು ಇಲ್ಲ ಎನ್ನುತ್ತಾನೆ. ಹತ್ತು ಜನ ಕೇಳಿದರೆ ವಿತರಕರಲ್ಲಿ ವಿಚಾರಿಸುತ್ತಾನೆ. ಎಲ್ಲ ಅಂಗಡಿಗಳಿಂದ ವಿಚಾರಣೆ ಬಂದಾಗ ವಿತರಕರೂ ಹುಡುಕತೊಡಗುತ್ತಾರೆ. ಇದು ಕೀಟಲೆ ಎಂದು ಅದೇ ವರ್ಷ ಪತ್ರಿಕೆಯಲ್ಲಿ ಬಯಲಾಯಿತು. ಅಷ್ಟರಲ್ಲಿ ಗಿರಾಕಿ ಮಾತ್ರ ನಿಜವಾಗಿ ಹುಟ್ಟಿತ್ತು. ಬ್ಯಾಲಂಟೈನ್ ಪ್ರಕಾಶನವು ಥಿಯೋಡರ್ ಸ್ಟರ್ಜನ್ ಎಂಬ ಲೇಖಕನಿಂದ ಬರೆಸಿ, ಸೆಪ್ಟೆಂಬರಿನಲ್ಲಿ ಆ ಪುಸ್ತಕವನ್ನು ಮಾರುಕಟ್ಟೆಗೆ ತಂದೇ ಬಿಟ್ಟಿತು!

ಮೆಕ್ಸಿಕೋದಲ್ಲಿಯೂ ಇಂಥದೇ ಆಯಿತು. 2015ರ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ಗಾಗಿ ಮೆಕ್ಸಿಕೋ ನಗರದಲ್ಲಿ ಸತ್ತವರ ಸ್ಮರಣೆಯ ಹಬ್ಬದ ಭಾರೀ ಮೆರವಣಿಗೆಯೊಂದನ್ನು ಚಿತ್ರೀಕರಿಸಿದರು. ಹಬ್ಬ ಹಳೆಯದು, ಆದರೆ ಆ ಬಗೆಯ ಮೆರವಣಿಗೆ ಅಲ್ಲಿ ಇರಲಿಲ್ಲ. ಚಿತ್ರ ನೋಡಿದ ಪ್ರವಾಸಿಗರು ಅದನ್ನು ನಿರೀಕ್ಷಿಸುತ್ತಾರೆಂದು 2016ರಲ್ಲಿ ನಗರವೇ ಅದನ್ನು ಆರಂಭಿಸಿತು.

ಹೆಸರು ಮತ್ತು ಕೆಲಸ

ಹಾಗಾದರೆ ಡಂಗುರ ಸಾರಿದರೆ ಸಾಕೇ? ಸಾಲದು. ಡಂಗುರ ಗಿರಾಕಿಯನ್ನಷ್ಟೇ ತರುತ್ತದೆ. ಸ್ಟರ್ಜನ್ ಕುಳಿತು ಪುಟಗಳನ್ನು ಬರೆದದ್ದರಿಂದ ಪುಸ್ತಕವಾಯಿತು. ಯಾರೋ ಹಳೆಯ ಗೋಡೆಗಳನ್ನು ದುರಸ್ತಿ ಮಾಡಿದ್ದರಿಂದ ಅರಸಾಳಿನಲ್ಲಿ ಮ್ಯೂಸಿಯಂ ಆಯಿತು.

ನಮ್ಮ ಭಾಗದಲ್ಲಿ ಇದರ ತಿರುವುಮುರುವು ಉದಾಹರಣೆಯಿದೆ. ಅಥಣಿ, ಮದಭಾವಿ, ನಿಪ್ಪಾಣಿಯ ಕುಶಲಕರ್ಮಿಗಳು ತಲೆಮಾರುಗಳಿಂದ ಚಪ್ಪಲಿ ಹೊಲಿಯುತ್ತಾರೆ. ಆದರೆ ಅವು ಲೋಕಕ್ಕೆ ಗೊತ್ತಿರುವುದು ಕೊಲ್ಲಾಪುರಿ ಎಂಬ ಹೆಸರಿನಿಂದ. 2019ರ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ದಾಖಲಾದವು. ಅಲ್ಲಿ ಹೆಸರಿತ್ತು, ಕೆಲಸ ಆಮೇಲೆ ಬಂತು. ಇಲ್ಲಿ ಕೆಲಸವಿತ್ತು, ಹೆಸರು ಬೇರೆ ಊರಿನದಾಯಿತು. ಎರಡೂ ಕೂಡಿದಾಗಲೇ ನ್ಯಾಯ.

ಆಟ ಯಾವುದು, ಸುಳ್ಳು ಯಾವುದು?

ನಾರಾಯಣ್ ತಮ್ಮ ಊರು ಕಲ್ಪಿತವೆಂದು ಎಂದೂ ಮುಚ್ಚಿಡಲಿಲ್ಲ. ಶೆಫರ್ಡನ ಕೇಳುಗರಿಗೂ ಅದು ಕೀಟಲೆಯೆಂದು ಗೊತ್ತಿತ್ತು. ಆದರೆ ಅಂಗಡಿಯವನಿಗೆ ಗೊತ್ತಿರಲಿಲ್ಲ. ಒಂದೇ ಕಟ್ಟುಕಥೆ ಗೊತ್ತಿದ್ದವರಿಗೆ ಆಟ, ಗೊತ್ತಿಲ್ಲದವರಿಗೆ ಮೋಸ. ಹೀಗಾಗಿ ಅಂಗಡಿಯವನ ಜಾಗದಲ್ಲಿ ನಾವು ನಿಂತಾಗ ಏನು ಮಾಡಬೇಕು ಎಂಬುದೇ ಮುಖ್ಯ ಪ್ರಶ್ನೆ.

ಇಂದು ಆ ಜಾಗದಲ್ಲಿ ನಾವೆಲ್ಲ ಇದ್ದೇವೆ. 2025ರ ಮೇ ತಿಂಗಳಲ್ಲಿ ಅಮೆರಿಕದ ‘ಷಿಕಾಗೋ ಸನ್-ಟೈಮ್ಸ್’ ಪತ್ರಿಕೆಯಲ್ಲಿ ಬೇಸಿಗೆ ರಜೆಗೆ ಓದಬೇಕಾದ 15 ಪುಸ್ತಕಗಳ ಪಟ್ಟಿ ಬಂತು. ಅದರಲ್ಲಿ 10 ಪುಸ್ತಕಗಳು ಇರಲೇ ಇಲ್ಲ. ಲೇಖಕರು ನಿಜ, ಶೀರ್ಷಿಕೆಗಳು ಎಐ ಹೆಣೆದವು. ಎಐ ಚಾಟ್‌ಬಾಟ್ ಮುಂದೆ ಯಾವ ಪದ ಬರಬಹುದೆಂದು ಊಹಿಸುತ್ತ ವಾಕ್ಯ ಕಟ್ಟುತ್ತದೆ. ಆದ್ದರಿಂದ ಸರಿಯೆಂದು ಕೇಳಿಸುವ ಪುಸ್ತಕದ ಹೆಸರು ಅದಕ್ಕೆ ಸುಲಭ. ಆ ಪುಸ್ತಕ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು. ಒಬ್ಬ ವಿದ್ಯಾರ್ಥಿ ಆ ಹೆಸರನ್ನು ಪ್ರಾಜೆಕ್ಟಿನಲ್ಲಿ ಬರೆಯುತ್ತಾನೆ, ಇನ್ನೊಬ್ಬ ಅವನನ್ನು ನೋಡಿ ಬರೆಯುತ್ತಾನೆ, ಮೂರನೆಯವನು ‘ಇಬ್ಬರು ಹೇಳಿದ್ದಾರಲ್ಲ’ ಎಂದು ನಂಬುತ್ತಾನೆ. ಹೀಗೆ ಸುಳ್ಳಿಗೆ ಸಾಕ್ಷಿಗಳು ಹುಟ್ಟುತ್ತಾರೆ.

ಇದಕ್ಕೆ ಮದ್ದು ಹೊಸದೇನಲ್ಲ. ಪ್ರವಾದಿಯವರ ಹೆಸರಿನಲ್ಲಿ ಕಟ್ಟಿದ ಮಾತುಗಳು ಹರಡಿದಾಗ ಹದೀಸ್ ವಿದ್ವಾಂಸರು ‘ಸನದ್’ ಕೇಳಿದರು. ಸನದ್ ಎಂದರೆ ಯಾರು ಯಾರಿಂದ ಕೇಳಿದರು ಎಂಬ ಸರಪಳಿ. ಸರಪಳಿಯ ಪ್ರತಿ ಕೊಂಡಿಯನ್ನೂ ಪರೀಕ್ಷಿಸಿದರು: ಈತ ನಂಬಿಗಸ್ತನೇ, ಆತನನ್ನು ನಿಜವಾಗಿ ಭೇಟಿಯಾಗಿದ್ದನೇ? ಕಟ್ಟುಮಾತೆಂದು ಕಂಡದ್ದನ್ನು ‘ಮೌಝೂ’ ಎಂದು ಗುರುತಿಸಿದರು. ಎಷ್ಟು ಜನರ ಬಾಯಲ್ಲಿದೆ ಎಂಬುದಕ್ಕಿಂತ ಎಲ್ಲಿಂದ ಬಂತು ಎಂಬುದನ್ನು ಅವರು ನೋಡಿದರು.

ಗೆಳೆಯರೇ, ಪ್ರಾಜೆಕ್ಟಿನಲ್ಲಿ ಪುಸ್ತಕದ ಹೆಸರು ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಪ್ರಕಾಶಕರು ಯಾರು, ಯಾವ ವರ್ಷದ್ದು? ಯಾವುದಾದರೂ ಗ್ರಂಥಾಲಯದ ಪಟ್ಟಿಯಲ್ಲಿ ಇದೆಯೇ? ನಾನು ಹೇಳುವ ಮಾತಿರುವ ಪುಟವನ್ನು ನಾನೇ ನೋಡಿದ್ದೇನೆಯೇ? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಹೆಸರನ್ನು ಬಿಡುವುದೇ ಲೇಸು.

ನಮಗೆ ಬೇಕಾದ ಪುಸ್ತಕ ನಿಜಕ್ಕೂ ಇಲ್ಲವೆಂದಾದರೆ ಅದೂ ಒಳ್ಳೆಯ ಸುದ್ದಿಯೇ. ಅಥಣಿಯ ಚಪ್ಪಲಿ ಹೊಲಿಯುವವರ ಬಗ್ಗೆಯೋ ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳ ಬಗ್ಗೆಯೋ ನೀವು ಹುಡುಕಿದ ಪುಸ್ತಕ ಸಿಗದಿದ್ದರೆ, ಇದೆ ಎಂದು ಸಾರುವುದು ಬೇಡ. ಇಲ್ಲ ಎಂದು ಹೇಳಿ, ಅವರ ಮನೆಬಾಗಿಲಿಗೆ ಹೋಗಿ ಕೇಳಿಕೊಂಡು ಬಂದು ಮೊದಲ ಪುಟ ಬರೆಯಿರಿ.