768 ಗೆರೆಯ ಟಿವಿಗೆ ಎಷ್ಟು ದುಡ್ಡಿನ ಪ್ಲೇಯರ್ ಸಾಕು?

ಹರಿಹರ ಪಲ್ಲತ್ತಡ್ಕದಿಂದ ಬಿಳಿನೆಲೆಯವರೆಗೆ, ಸುಬ್ರಹ್ಮಣ್ಯದ ಸುತ್ತಲಿನ ಮನೆಗಳ ಚಾವಡಿಯಲ್ಲಿ ಎರಡು ಬಗೆಯ ಟಿವಿ ಕಾಣಸಿಗುತ್ತವೆ. ಒಂದು 21 ಇಂಚಿನ ಹಳೆಯ ಡಬ್ಬಿ ಟಿವಿ. ಇನ್ನೊಂದು ಪೆಟ್ಟಿಗೆಯ ಮೇಲೆ ‘ಎಚ್‌ಡಿ ರೆಡಿ’ ಎಂದು ಬರೆದಿರುವ 32 ಇಂಚಿನ ಎಲ್‌ಇಡಿ. ಟಿವಿಯ ಕೆಳಗಿನ ಕಪಾಟಿನಲ್ಲಿ ಯಕ್ಷಗಾನದ ವಿಸಿಡಿ, ಮಗಳ ಮದುವೆಯ ಡಿವಿಡಿ, ತಾಳಮದ್ದಳೆಯ ಒಂದಿಷ್ಟು ಎಂಪಿ3 ಸಿಡಿ. ಹಳೆಯ ಪ್ಲೇಯರ್ ಕೆಟ್ಟಾಗ ಅಂಗಡಿಯವರು ‘ಇನ್ನು ಡಿವಿಡಿ ಯಾಕೆ, ಬ್ಲೂ-ರೇ ತಕೊಳ್ಳಿ, ಡಿವಿಡಿಯೂ ಓಡ್ತದೆ’ ಎನ್ನುತ್ತಾರೆ. ಆ ಮಾತಿಗೆ ತಲೆಯಾಡಿಸುವ ಮುನ್ನ ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲು ಡಿಸ್ಕಿನಲ್ಲಿ ಇರುವುದೆಷ್ಟು ಎಂದು ನೋಡೋಣ. ವಿಸಿಡಿಯ ಒಂದು ಚಿತ್ರದಲ್ಲಿ 352×288, ಅಂದರೆ 1,01,376 ಪಿಕ್ಸೆಲ್. ನಮ್ಮಲ್ಲಿ ನಡೆಯುವ ಪಾಲ್ ಪದ್ಧತಿಯ ಡಿವಿಡಿಯಲ್ಲಿ 720×576, ಅಂದರೆ 4,14,720. ಬ್ಲೂ-ರೇಯಲ್ಲಿ 1920×1080, ಅಂದರೆ 20,73,600. ಇನ್ನು ಟಿವಿಯ ಕಡೆ: ಹೆಚ್ಚಿನ ಎಚ್‌ಡಿ ರೆಡಿ ಟಿವಿಗಳ ಪರದೆ 1366×768, ಒಟ್ಟು 10,49,088 ಪಿಕ್ಸೆಲ್. ಬ್ಲೂ-ರೇ ಕೊಟ್ಟದ್ದರಲ್ಲಿ ಈ ಪರದೆ ತೋರಿಸಬಲ್ಲದ್ದು ನೂರಕ್ಕೆ 51 ಪಾಲು ಮಾತ್ರ, ಉಳಿದದ್ದನ್ನು ಟಿವಿಯೇ ಕುಗ್ಗಿಸಿ ಕಳೆದುಬಿಡುತ್ತದೆ. ಡಿವಿಡಿಯದ್ದು ತದ್ವಿರುದ್ಧ. ಪರದೆಯ ನೂರು ಪಿಕ್ಸೆಲ್‌ಗಳಲ್ಲಿ ಸುಮಾರು 40ಕ್ಕೆ ಸಾಕಾಗುವಷ್ಟು ಮಾಹಿತಿ ಡಿಸ್ಕಿನಿಂದ ಬರುತ್ತದೆ, ಮಿಕ್ಕದ್ದನ್ನು ಯಂತ್ರ ಊಹಿಸಿ ತುಂಬುತ್ತದೆ.

ಬೆಲೆ ಅಂಗಡಿಗೊಂದು ಥರ. ಲೆಕ್ಕಕ್ಕೆಂದು ಡಿವಿಡಿ ಪ್ಲೇಯರಿಗೆ 3,000, ಬ್ಲೂ-ರೇಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಎಚ್‌ಡಿ ರೆಡಿ ಟಿವಿಯಲ್ಲಿ ಕಣ್ಣಿಗೆ ಬೀಳುವ ಪ್ರತಿ ಲಕ್ಷ ಪಿಕ್ಸೆಲ್ಲಿಗೆ ಡಿವಿಡಿಯಲ್ಲಿ 723 ರೂಪಾಯಿ ಬೀಳುತ್ತದೆ, ಬ್ಲೂ-ರೇಯಲ್ಲಿ 953. ಅದೇ ಬ್ಲೂ-ರೇಯನ್ನು ಫುಲ್ ಎಚ್‌ಡಿ ಟಿವಿಗೆ ಜೋಡಿಸಿದರೆ 482ಕ್ಕೆ ಇಳಿಯುತ್ತದೆ. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಬೇರೆ ಮನೆಯ ಟಿವಿಗೆ ಹೇಳಿದ ಮಾತು.

ಪಿಕ್ಸೆಲ್ ಇದ್ದರೂ ಕಣ್ಣಿಗೆ ಕಾಣಬೇಕಲ್ಲ? 32 ಇಂಚಿನ ಪರದೆಯ ಎತ್ತರ ಸುಮಾರು 40 ಸೆಂಟಿಮೀಟರ್. ಅದನ್ನು ಡಿವಿಡಿಯ 576 ಗೆರೆಗೆ ಹಂಚಿದರೆ ಒಂದು ಗೆರೆಗೆ 0.69 ಮಿಲಿಮೀಟರ್. ಒಳ್ಳೆಯ ಕಣ್ಣು ಬೇರೆಬೇರೆಯಾಗಿ ಗುರುತಿಸಬಲ್ಲ ಅತಿ ಸಣ್ಣ ಅಂತರ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗ ಎಂಬುದು ಕಣ್ಣಿನ ವೈದ್ಯರ ಸಾಮಾನ್ಯ ಲೆಕ್ಕ. ಆ ಪ್ರಕಾರ ಡಿವಿಡಿಯ ಗೆರೆಗಳು ಬಿಡಿಬಿಡಿಯಾಗಿ ಕಾಣಬೇಕಾದರೆ 7.8 ಅಡಿಗಿಂತ ಹತ್ತಿರ ಕೂರಬೇಕು. 768 ಗೆರೆಗಳಿಗೆ ಆ ಮಿತಿ 5.9 ಅಡಿ, ಬ್ಲೂ-ರೇಯ 1080ಕ್ಕೆ 4.2 ಅಡಿ. ವಿಸಿಡಿಯ 288 ಗೆರೆಗೆ ಮಾತ್ರ 15.6 ಅಡಿ, ಅದಕ್ಕೇ ವಿಸಿಡಿ ಚಾವಡಿಯ ಯಾವ ಮೂಲೆಯಿಂದ ನೋಡಿದರೂ ಮಸುಕು. ಎಂಟು ಹತ್ತು ಅಡಿ ದೂರದ ಈಸಿಚೇರಿನಲ್ಲಿ ಕೂತು ನೋಡುವವರಿಗೆ ವಿಸಿಡಿಗೂ ಡಿವಿಡಿಗೂ ಇರುವ ಅಂತರ ಎದ್ದು ಕಾಣುತ್ತದೆ. ಡಿವಿಡಿಗೂ ಬ್ಲೂ-ರೇಗೂ ಗೆರೆಗಳ ಲೆಕ್ಕದಲ್ಲಿ ಹೆಚ್ಚೇನೂ ಕಾಣದು. ಬಣ್ಣದ ಸೂಕ್ಷ್ಮದಲ್ಲಿ, ಚಿತ್ರ ಚೌಕಚೌಕವಾಗಿ ಒಡೆಯದಿರುವುದರಲ್ಲಿ ಬ್ಲೂ-ರೇ ಮೇಲೇ, ಒಪ್ಪೋಣ. ಆದರೆ ಆ ಮೇಲ್ಮೆ ಸಿಗುವುದು ಬ್ಲೂ-ರೇ ಡಿಸ್ಕ್ ಹಾಕಿದಾಗ. ಕಪಾಟಿನಲ್ಲಿ ಅಂಥದ್ದು ಎಷ್ಟಿವೆ, ಎಣಿಸಿ ನೋಡಿ.

ಡಬ್ಬಿ ಟಿವಿಯವರಿಗೆ ಇಷ್ಟು ಗುಣಾಕಾರವೂ ಬೇಡ. ಪಾಲ್ ಪದ್ಧತಿಯ 625 ಗೆರೆಗಳಲ್ಲಿ ಚಿತ್ರ ಇರುವುದು 576ರಲ್ಲಿ, ಡಿವಿಡಿಯಲ್ಲಿರುವುದೂ ಅಷ್ಟೇ. ಇದಕ್ಕಿಂತ ಸರಿಯಾದ ಜೋಡಿ ಸಿಗದು. ಬ್ಲೂ-ರೇಯಂತೂ ಜೋಡಿಸಲಿಕ್ಕೇ ಬರುವುದಿಲ್ಲ. ನಕಲು ತಡೆಯುವ ನಿಯಮದಂತೆ 2013ರ ಕೊನೆಯ ನಂತರ ತಯಾರಾದ ಬ್ಲೂ-ರೇ ಪ್ಲೇಯರುಗಳಿಂದ ಡಿಸ್ಕಿನ ಚಿತ್ರ ಎಚ್‌ಡಿಎಂಐಯಲ್ಲಿ ಮಾತ್ರ ಹೊರಬರುತ್ತದೆ, ಹಳದಿ ಪಿನ್ನಿನಲ್ಲಿ ಅಲ್ಲ. ಡಬ್ಬಿ ಟಿವಿಯ ಹಿಂದೆ ಕೆಂಪು, ಹಸಿರು, ನೀಲಿ ಮೂರು ತೂತುಗಳಿದ್ದರೆ ಹಳದಿ ಬಿಟ್ಟು ಅದನ್ನೇ ಬಳಸಿ. ಹಳದಿ ಒಂದೇ ತಂತಿಯಲ್ಲಿ ಬಣ್ಣ, ಬೆಳಕು ಎರಡನ್ನೂ ಬೆರೆಸಿ ಕಳಿಸುತ್ತದೆ. ವೇಷದ ಕೆಂಪು ಅಂಚು ಕದಡುವುದು ಅಲ್ಲೇ. ಮೂರು ತಂತಿಯ ಖರ್ಚು ನೂರರ ಲೆಕ್ಕದ್ದು, ಫಲ ಹೊಸ ಪ್ಲೇಯರಿನಷ್ಟು.

ಯಕ್ಷಗಾನದ ಡಿಸ್ಕುಗಳ ಲೆಕ್ಕ ಬೇರೆಯೇ. ಒಂದು ವಿಸಿಡಿಗೆ 74 ನಿಮಿಷ. ನಾಲ್ಕು ಗಂಟೆಯ ಕಾಲಮಿತಿ ಆಟಕ್ಕೆ 4 ಡಿಸ್ಕ್, ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 7. ಡಿವಿಡಿಯಾದರೆ 4.7 ಜಿಬಿಯಲ್ಲಿ ಎರಡು ಗಂಟೆ ತುಂಬಿದಾಗ ಸೆಕೆಂಡಿಗೆ 5.2 ಮೆಗಾಬಿಟ್ ಸಿಗುತ್ತದೆ, ನಾಲ್ಕು ಗಂಟೆ ತುರುಕಿದರೆ 2.6. ಎಂಟು ಗಂಟೆಯನ್ನೂ ಒಂದೇ ಡಿಸ್ಕಿಗೆ ಇಳಿಸಿದರೆ 1.3, ಅಂದರೆ ವಿಸಿಡಿಗಿಂತಲೂ ತುಸು ಕಡಿಮೆ. ‘ಇಡೀ ಪ್ರಸಂಗ ಒಂದೇ ಡಿಸ್ಕ್‌ನಲ್ಲಿ’ ಎಂದು ಬರೆದಿದ್ದರೆ ಹಿಗ್ಗಬೇಕಾಗಿಲ್ಲ. ತೆಂಕುತಿಟ್ಟಿನ ಪುಂಡುವೇಷ ಧೀಂಗಿಣಕ್ಕೆ ಎದ್ದ ಕ್ಷಣ ಚಿತ್ರ ಹೆಂಚು ಒಡೆದಂತೆ ಚೂರಾಗುವುದಕ್ಕೆ ಈ ಅಗ್ಗದ ತುಂಬುವಿಕೆಯೇ ಕಾರಣ. ಯಾವ ಪ್ಲೇಯರ್ ತಂದರೂ ಅದು ಸರಿಹೋಗದು.

ಪ್ಲೇಯರ್ ಸರಿಪಡಿಸಬಲ್ಲ ದೋಷವೂ ಒಂದಿದೆ. ಹಳೆಯ ಡಿಸ್ಕುಗಳು ಬಹುಪಾಲು 4:3 ಅಳತೆಯವು. ಅವನ್ನು ಅಗಲದ ಪರದೆಗೆ ಎಳೆದು ತುಂಬಿಸಿದರೆ ಎಲ್ಲವೂ ಮೂರರಲ್ಲೊಂದು ಪಾಲು ದಪ್ಪಗಾಗುತ್ತದೆ. ಮೊದಲೇ ಭಾರೀ ಇರುವ ಬಣ್ಣದ ವೇಷ ಸಹಿಸಿಕೊಂಡೀತು, ಸ್ತ್ರೀವೇಷ ಸಹಿಸದು. ಸೆಟ್ಟಿಂಗಿನಲ್ಲಿ 4:3 ಆರಿಸಿದರೆ ಎರಡೂ ಬದಿಯಲ್ಲಿ 171 ಪಿಕ್ಸೆಲ್ ಅಗಲದ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಲಿ. ಅಲ್ಲೇ ಪ್ಲೇಯರಿನ ಎಚ್‌ಡಿಎಂಐಯನ್ನು 1080ಕ್ಕೆ ಇಡದೆ 576 ಅಥವಾ 720ಕ್ಕೆ ಇಟ್ಟು ಹೋಲಿಸಿ. 1080 ಇಟ್ಟರೆ ಪ್ಲೇಯರ್ 576ನ್ನು ಹಿಗ್ಗಿಸುತ್ತದೆ, ಟಿವಿ ಅದನ್ನು ಮತ್ತೆ 768ಕ್ಕೆ ಕುಗ್ಗಿಸುತ್ತದೆ. ‘1080 ಅಪ್‌ಸ್ಕೇಲಿಂಗ್’ ಎಂಬ ಸ್ಟಿಕ್ಕರಿಗಾಗಿ ಈ ಟಿವಿಯವರು ಐನೂರು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಬೇರೆ ಕಡೆ. ಬ್ಲೂ-ರೇ ಪ್ಲೇಯರುಗಳಲ್ಲಿ ಕೆಲವು ವಿಸಿಡಿಯನ್ನು ಓದುವುದೇ ಇಲ್ಲ; ಹೆಚ್ಚು ದುಡ್ಡು ಕೊಟ್ಟು ಕಪಾಟಿನ ಅರ್ಧವನ್ನು ಮೂಕವಾಗಿಸಿದ ಹಾಗಾದೀತು. ಯುಎಸ್‌ಬಿ ಇದೆ ಎಂಬ ಮಾತನ್ನು ಮನೆಯ ಪೆನ್‌ಡ್ರೈವ್ ಒಯ್ದು ಪರೀಕ್ಷಿಸಿಯೇ ನಂಬಿ: ಮೊಬೈಲಿನಲ್ಲಿ ಚಿತ್ರಿಸಿದ ಎಂಪಿ4 ಸಾದಾ ಡಿವಿಡಿ ಪ್ಲೇಯರುಗಳಲ್ಲಿ ಹೆಚ್ಚಾಗಿ ಓಡದು, ಅದನ್ನು ಎಲ್‌ಇಡಿ ಟಿವಿಯ ಯುಎಸ್‌ಬಿಗೇ ಚುಚ್ಚಿದರಾಯಿತು. ಹಿಂಬದಿಯ ತಗಡಿನಲ್ಲಿ 100–240 ವೋಲ್ಟ್ ಎಂದಿರಲಿ, ಸಂಜೆ ವೋಲ್ಟೇಜ್ ಬೀಳುವ ಲೈನಿನ ತುದಿಯ ಮನೆಗಳಿಗೆ ಇದು ಮುಖ್ಯ. ಕರೆಂಟಿನ ಖರ್ಚು ತಲೆಬಿಸಿಯ ವಿಷಯವೇ ಅಲ್ಲ. ಹತ್ತು ವ್ಯಾಟಿನ ಪ್ಲೇಯರ್ ಎಂಟು ಗಂಟೆ ಓಡಿದರೂ 0.08 ಯೂನಿಟ್. ತಾಳಮದ್ದಳೆಯ ಅಭಿಮಾನಿಗಳಿಗೆ ಚಿತ್ರವೇ ಬೇಡ. ಉಳಿದ ದುಡ್ಡನ್ನು ಒಂದು ಜೊತೆ ಒಳ್ಳೆಯ ಸ್ಪೀಕರಿಗೆ ಹಾಕಿದರೆ ಮದ್ದಳೆಯ ನಾದವಾದರೂ ಸರಿಯಾಗಿ ಕೇಳಿಸೀತು.

ಮತ್ತೆ ಮಳೆಗಾಲ. ನಮ್ಮಲ್ಲಿ ಡಿಸ್ಕಿಗೆ ಬೂಷ್ಟು ಹಿಡಿಯುವುದು ಹೊಸದಲ್ಲ. ಅಂಗಡಿ ಸೀಲಿನ ಡಿಸ್ಕಿಗಿಂತ ಮದುವೆ ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿ ಬೇಗ ಕೆಡುತ್ತದೆ, ಏಕೆಂದರೆ ಅದರಲ್ಲಿ ಮಾಹಿತಿ ಮೂಡಿರುವುದು ಬಣ್ಣದ ಪದರದ ಮೇಲೆ. ಮೋಸರ್ ಬೇರ್ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರಿ ಅಂಗಡಿಗಳನ್ನೆಲ್ಲ ತುಂಬಿಸಿದ ಕಾಲ ಹೋಯಿತು, ಆ ಕಂಪನಿಯನ್ನು ಮುಚ್ಚಲು 2018ರಲ್ಲಿ ಆದೇಶವಾಯಿತು. ಅದೇ ವರ್ಷ ಒಪ್ಪೋ ಬ್ಲೂ-ರೇ ಪ್ಲೇಯರ್ ಮಾಡುವುದನ್ನು ಬಿಟ್ಟಿತು, ಬರೆಯಬಹುದಾದ ಬ್ಲೂ-ರೇ ಡಿಸ್ಕಿನ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಆದ್ದರಿಂದ ವಿಸಿಡಿ, ಡಿವಿಡಿ ಎರಡನ್ನೂ ಓದುವ ಸಾದಾ ಪ್ಲೇಯರ್ ಸಿಕ್ಕುವಾಗಲೇ ತೆಗೆದುಕೊಳ್ಳಿ. ಮನೆಯಲ್ಲಿ ಕಂಪ್ಯೂಟರ್ ಇರುವವರು ಒಣಹವೆ ಇರುವಾಗಲೇ ಡಿಸ್ಕುಗಳನ್ನು ನಕಲಿಳಿಸಿ ಇಡಿ: ಒಂದು ವಿಸಿಡಿ ಸುಮಾರು 770 ಎಂಬಿ, ಏಳು ಡಿಸ್ಕಿನ ಇಡೀ ರಾತ್ರಿಯ ಆಟ 8 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ.